ಡಾಸ್‌ಬಾಕ್ಸ್ ಒಳಗಿನ ಕಾಮ್ ಪೋರ್ಟ್

ಎಂಎಸ್-ಡಾಸ್ ಕಾಲದ ಸೀರಿಯಲ್ ತಂತ್ರಾಂಶವನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸಬೇಕಾದರೆ ಎರಡು ಅನುಕೂಲ ಒದಗಿಸಬೇಕು. ತಾನು ಡಾಸ್ ಮೇಲೆಯೇ ಇದ್ದೇನೆಂದು ಆ ತಂತ್ರಾಂಶ ನಂಬಬೇಕು. ಅದು ಕಳಿಸಿದ ಪ್ರತಿ ಬೈಟೂ ನಿಜವಾದ ತಂತಿಯ ಮೇಲೆ ಸರಿಯಾದ ಹೊತ್ತಿಗೆ ಹೊರಗೆ ಹೋಗಬೇಕು. ಮೊದಲನೆಯದನ್ನು ಎಮ್ಯುಲೇಟರುಗಳು ಚೆನ್ನಾಗಿಯೇ ಮಾಡುತ್ತವೆ. ತಕರಾರು ಇರುವುದು ಎರಡನೆಯದರಲ್ಲಿ.

ಈ ತಕರಾರಿನ ಹಿಂದೆ ದುಡ್ಡು, ದುಡಿಮೆ ಎರಡೂ ಇವೆ. 1980 ಮತ್ತು 90ರ ದಶಕಗಳ ಸಿಎನ್‌ಸಿ ಮೆಷಿನ್ನುಗಳಿಗೆ ಹೊರಗಿನ ಪ್ರಪಂಚದೊಂದಿಗೆ ಮಾತಾಡಲು ಇದ್ದ ಮುಖ್ಯ ದಾರಿ ಆರ್‌ಎಸ್-232 ಪೋರ್ಟ್. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಅಂಥ ಮೆಷಿನ್ನುಗಳು ಇನ್ನೂ ಲೋಹ ಕತ್ತರಿಸುತ್ತಿವೆ, ಅವುಗಳ ಪಕ್ಕದಲ್ಲಿ ಡಾಸ್ ಓಡುವ ಪಿಸಿ ದೂಳು ಹೊದ್ದು ಕೂತಿರುತ್ತದೆ. ಪಿಸಿಗೆ ವಯಸ್ಸಾದಾಗ ಅದರ ತಂತ್ರಾಂಶವನ್ನು ಎಮ್ಯುಲೇಟರಿಗೆ ಒಯ್ಯಬಹುದೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಎರಡು ಉತ್ತರಗಳಿವೆ. ಮೆಷಿನ್ ನಿರ್ವಹಣೆಯಲ್ಲೇ ತಲೆ ನರೆತ ಹಿರಿಯರೊಬ್ಬರು, ತಂತ್ರಾಂಶದ ಕಡೆಯಿಂದ ಬಂದ ಯುವತಿಯೊಬ್ಬಳು ಇಲ್ಲಿ ಅದನ್ನೇ ಚರ್ಚಿಸುತ್ತಾರೆ.

ಯುವತಿ: ಸರ್, ಆ ಪಿಸಿಯ ಹಾರ್ಡ್ ಡಿಸ್ಕ್ ಆಗಲೇ ಕರಕರ ಅಂತಿದೆ. ಮದರ್‌ಬೋರ್ಡ್ ಹೋದರೆ ಎಸ್‌ಪಿ ರೋಡಿನಲ್ಲಿ ಹುಡುಕಿದರೂ ಅಂಥದ್ದು ಸಿಗೋದು ಕಷ್ಟ. ಅದರೊಳಗಿನ ತಂತ್ರಾಂಶವನ್ನ ಒಂದು ಫೋಲ್ಡರಿಗೆ ನಕಲು ಮಾಡಿಕೊಂಡು ಡಾಸ್‌ಬಾಕ್ಸ್ ಅನ್ನೋ ಎಮ್ಯುಲೇಟರಿನಲ್ಲಿ ಓಡಿಸೋಣ. ಅದೇ ಪರದೆ, ಅದೇ ಕೀಲಿಗಳು. ಆಪರೇಟರಿಗೆ ವ್ಯತ್ಯಾಸವೇ ತಿಳಿಯಲ್ಲ.

ಹಿರಿಯರು: ಆಪರೇಟರಿಗೆ ತಿಳಿಯದೇ ಇರಬಹುದಮ್ಮ, ಮೆಷಿನ್ನಿಗೆ ತಿಳಿಯುತ್ತಲ್ಲ. ಈಗ ಏನಾದರೂ ಕೆಟ್ಟರೆ ನಾನು ನೋಡಬೇಕಾದ್ದು ಮೂರೇ ಜಾಗ: ಪಿಸಿ, ಕೇಬಲ್, ಮೆಷಿನ್. ನೀನು ಹೇಳೋ ದಾರಿಯಲ್ಲಿ ಡಾಸ್ ತಂತ್ರಾಂಶ, ಎಮ್ಯುಲೇಟರ್, ವಿಂಡೋಸ್, ಡ್ರೈವರ್, ಯುಎಸ್‌ಬಿ ಕನ್ವರ್ಟರ್, ಆಮೇಲೆ ಕೇಬಲ್. ರಾತ್ರಿ ಪಾಳಿಯಲ್ಲಿ ಮೆಷಿನ್ ನಿಂತರೆ ಯಾರು ಯಾವುದನ್ನ ಬಿಚ್ಚಿ ನೋಡ್ತಾರೆ?

ಯುವತಿ: ಬಿಚ್ಚಿ ನೋಡೋಕೆ ಒಂದು ಕ್ರಮ ಇದ್ದರೆ ಆರಾದರೇನು ಸರ್. ಈ ತಂತ್ರಾಂಶ ಪೋರ್ಟನ್ನ ಹೇಗೆ ಮುಟ್ಟುತ್ತೆ ಅನ್ನೋದರಿಂದ ಶುರು ಮಾಡೋಣ. ಗೊಂದಲ ಅರ್ಧ ಅಲ್ಲೇ ಬಗೆಹರಿಯುತ್ತೆ.

1981ರ ಐಬಿಎಂ ಪಿಸಿಯಲ್ಲಿ ಸೀರಿಯಲ್ ಪೋರ್ಟಿನ ಕೆಲಸ ನೋಡಿಕೊಳ್ಳುತ್ತಿದ್ದುದು 8250 ಎಂಬ ಚಿಪ್. ಕಾಮ್1 ಪೋರ್ಟಿನ ರಿಜಿಸ್ಟರುಗಳು ಹೆಕ್ಸ್ 3ಎಫ್8ರಿಂದ ಮೊದಲಾಗುವ ವಿಳಾಸಗಳಲ್ಲಿದ್ದವು, ಅದರ ಇಂಟರಪ್ಟ್ ಸಂಖ್ಯೆ 4. ಕಾಮ್2ಕ್ಕೆ 2ಎಫ್8 ಮತ್ತು 3. ಪೋರ್ಟನ್ನು ಬಳಸಲು ಬಯಾಸ್‌ನಲ್ಲೇ ಒಂದು ಸೇವೆ ಇತ್ತು, ಆದರೆ ಅದು ಇಂಟರಪ್ಟ್ ಬಳಸದೆ ಒಂದೊಂದೇ ಅಕ್ಷರಕ್ಕೆ ಕಾದು ಕೂರುತ್ತಿತ್ತು. ವೇಗ ಬೇಕಾದವರೆಲ್ಲ ಬಯಾಸನ್ನು ಬದಿಗಿಟ್ಟು ಚಿಪ್ಪಿನ ರಿಜಿಸ್ಟರುಗಳಿಗೇ ನೇರವಾಗಿ ಬರೆಯತೊಡಗಿದರು. ಡಾಸ್ ಕಾಲದ ಸೀರಿಯಲ್ ತಂತ್ರಾಂಶಗಳಲ್ಲಿ ಹೆಚ್ಚಿನವು ಇಂಥವೇ. ವೇಗವನ್ನು ಗೊತ್ತುಮಾಡುವುದೂ ಹೀಗೆ ರಿಜಿಸ್ಟರಿಗೆ ಬರೆದೇ: ಚಿಪ್ಪಿಗೆ ಜೋಡಿಸಿದ 1.8432 ಮೆಗಾಹರ್ಟ್ಸ್ ಹರಳಿನ ಮಿಡಿತವನ್ನು 16ರಿಂದ ಭಾಗಿಸಿದರೆ 1,15,200. ಅದನ್ನು ಮತ್ತೆ 12ರಿಂದ ಭಾಗಿಸಿದರೆ 9600. ತಂತ್ರಾಂಶ ರಿಜಿಸ್ಟರಿಗೆ 12 ಎಂದು ಬರೆದರೆ 9600 ಬಾಡ್ ಎಂದರ್ಥ. ಎಮ್ಯುಲೇಟರ್ ಈ ಬರಹವನ್ನು ನಡುವೆಯೇ ತಡೆದು, ಅರ್ಥ ಮಾಡಿಕೊಂಡು, ಹೊರಗಿನ ವಿಂಡೋಸ್ ಅಥವಾ ಲಿನಕ್ಸ್‌ಗೆ ಅದರದೇ ಭಾಷೆಯಲ್ಲಿ ಹೇಳಬೇಕು.

ಯುವತಿ: ಡಾಸ್‌ಬಾಕ್ಸ್ ಅದನ್ನೇ ಮಾಡುತ್ತೆ. ಆದರೆ ಮೊದಲ ಸಲ ಓಡಿಸಿದವರು ಬೇಸ್ತು ಬೀಳೋ ಜಾಗ ಒಂದಿದೆ. ಅದರ ಕಾನ್ಫಿಗ್ ಫೈಲಿನಲ್ಲಿ ಸೀರಿಯಲ್1, ಸೀರಿಯಲ್2 ಎರಡೂ ಮೊದಲಿಂದಲೇ ‘ಡಮ್ಮಿ’ ಆಗಿರುತ್ತವೆ. ತಂತ್ರಾಂಶಕ್ಕೆ ಪೋರ್ಟ್ ಕಾಣುತ್ತೆ, ತಪ್ಪು ಸಂದೇಶ ಬರೋದಿಲ್ಲ, ಕಳಿಸಿದ್ದು ಮಾತ್ರ ಎಲ್ಲೂ ಮುಟ್ಟಲ್ಲ. ಅಲ್ಲಿ ‘ಡೈರೆಕ್ಟ್‌ಸೀರಿಯಲ್’ ಅಂತ ಬರೆದು, ಹೊರಗಿನ ನಿಜವಾದ ಪೋರ್ಟ್ ಯಾವುದು ಅಂತ ಹೆಸರಿಸಬೇಕು. ಹೊರಗೆ ಅದು ಕಾಮ್7 ಆಗಿದ್ದರೂ ಒಳಗಿನ ತಂತ್ರಾಂಶಕ್ಕೆ ಕಾಮ್1 ಆಗಿಯೇ ಕಾಣುತ್ತೆ.

ಹಿರಿಯರು: ನಾಳೆ ಯಾರೋ ಕನ್ವರ್ಟರ್ ಕಿತ್ತು ಪಕ್ಕದ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಕಾಮ್7 ಹೋಗಿ ಕಾಮ್9 ಆಗಿರುತ್ತೆ.

ಯುವತಿ: ಆಗಬಹುದು. ಡಿವೈಸ್ ಮ್ಯಾನೇಜರಿನಲ್ಲಿ ನಂಬರ್ ಬದಲಾಯಿಸಿಕೊಳ್ಳಬಹುದು, ಆ ಕಿಂಡಿಗೆ ಪಟ್ಟಿ ಅಂಟಿಸಿಯೂ ಇಡಬಹುದು. ಲಿನಕ್ಸ್ ಆದರೆ ಬಳಕೆದಾರರನ್ನ ಡಯಲ್‌ಔಟ್ ಗುಂಪಿಗೆ ಸೇರಿಸಬೇಕು. ಎಷ್ಟೋ ಲಿನಕ್ಸ್‌ಗಳಲ್ಲಿ ಅದಿಲ್ಲದೆ ಪೋರ್ಟ್ ತೆರೆಯೋದೇ ಇಲ್ಲ. ನಾನು ಹೇಳಿದ ಕ್ರಮ ಇಷ್ಟೇ ಸರ್: ಡಾಸ್‌ಬಾಕ್ಸ್ ಮುಟ್ಟೋ ಮುಂಚೆ ಕನ್ವರ್ಟರಿನ 9 ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್ನನ್ನ ಒಂದು ತಂತಿಯಿಂದ ಜೋಡಿಸಿ, ಪುಟ್ಟಿಯಂಥ ಟರ್ಮಿನಲ್ ತೆರೆದು, ಟೈಪ್ ಮಾಡಿದ್ದು ವಾಪಸ್ ಬರುತ್ತಾ ನೋಡೋದು. ಬಂದರೆ ಡ್ರೈವರ್, ಕನ್ವರ್ಟರ್ ಸರಿ ಇವೆ. ಆಮೇಲೆ ಅದೇ ತಂತಿ ಇಟ್ಟುಕೊಂಡು ಡಾಸ್‌ಬಾಕ್ಸ್ ಒಳಗಿನ ಟರ್ಮಿನಲ್‌ನಿಂದ ಅದೇ ಪರೀಕ್ಷೆ. ಅದೂ ಆದರೆ ಎಮ್ಯುಲೇಟರ್ ಸರಿ ಇದೆ. ಉಳಿದದ್ದು ಕೇಬಲ್, ಮೆಷಿನ್. ಅದು ನಿಮ್ಮ ಪ್ರಾಂತ.

ಹಿರಿಯರು: ಈ ಕ್ರಮ ಒಪ್ಪಿದೆ. ಆದರೆ ಆ ತಂತಿ ಹೇಳೋದು ಅಕ್ಷರ ಹೋಗುತ್ತೆ, ಬರುತ್ತೆ ಅಂತ ಮಾತ್ರ. ಎಷ್ಟು ಹೊತ್ತಿಗೆ ಬರುತ್ತೆ ಅಂತ ಹೇಳಲ್ಲ. ನನ್ನ ತಕರಾರೆಲ್ಲ ಹೊತ್ತಿನದು. ಮೆಷಿನ್ನಿನ ಮೆಮರಿ ಸಣ್ಣದು, ಅಚ್ಚಿನ ಪ್ರೋಗ್ರಾಂ ದೊಡ್ಡದು. ಅದಕ್ಕೇ ಡ್ರಿಪ್ ಫೀಡ್ ಮಾಡೋದು. ಪಿಸಿ ಸ್ವಲ್ಪ ಸ್ವಲ್ಪವೇ ಕಳಿಸ್ತಾ ಇರುತ್ತೆ, ಮೆಷಿನ್ ಕತ್ತರಿಸ್ತಾ ಇರುತ್ತೆ. ಬಫರ್ ತುಂಬಿದ ಕೂಡಲೇ ಮೆಷಿನ್ ‘ಸಾಕು’ ಅಂತ ಒಂದು ಅಕ್ಷರ ಕಳಿಸುತ್ತೆ. ಪಿಸಿ ಆ ಕ್ಷಣವೇ ನಿಲ್ಲಿಸಬೇಕು.

ಆ ‘ಸಾಕು’ ಎಂಬ ಅಕ್ಷರದ ಹೆಸರು ಡಿಸಿ3, ಹೆಕ್ಸ್ ಬೆಲೆ 13. ‘ಮುಂದುವರಿಸು’ ಎನ್ನುವುದಕ್ಕೆ ಡಿಸಿ1, ಬೆಲೆ 11. ಫಾನುಕ್ ಕಂಪನಿಯ ಸಿಎನ್‌ಸಿ ಕಂಟ್ರೋಲ್‌ಗಳ ಹಳೆಯ ಸರಣಿಗಳಲ್ಲಿ ಈ ನಿಯಮ ಮುರಿದಾಗ ಬರುವ ಅಲಾರಂ 087. ನಿಲ್ಲಿಸು ಎಂದ ಮೇಲೂ 10 ಅಕ್ಷರಕ್ಕಿಂತ ಹೆಚ್ಚು ಬಂದರೆ ಬಫರ್ ಉಕ್ಕಿತೆಂದು ಮೆಷಿನ್ ಓದುವುದನ್ನೇ ಬಿಡುತ್ತದೆ. ಇಡೀ ಚರ್ಚೆ ನಿಂತಿರುವುದು ಈ 10 ಅಕ್ಷರಗಳ ಮೇಲೆ, ಹಾಗಾಗಿ ಲೆಕ್ಕವನ್ನು ಬಿಡಿಸಿ ನೋಡಬೇಕು. ಇಂಥ ಮೆಷಿನ್ನುಗಳಲ್ಲಿ ರೂಢಿಯಲ್ಲಿರುವುದು 7 ಬಿಟ್ ಅಕ್ಷರ, ಈವನ್ ಪ್ಯಾರಿಟಿ, ಎರಡು ಸ್ಟಾಪ್ ಬಿಟ್. ಆರಂಭದ ಬಿಟ್ ಸೇರಿದರೆ ಒಂದು ಅಕ್ಷರಕ್ಕೆ 11 ಬಿಟ್. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ 1.15 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ 10 ಅಕ್ಷರಗಳ ವಿನಾಯಿತಿ ಎನ್ನುವುದು ಹೆಚ್ಚುಕಡಿಮೆ ಹನ್ನೊಂದೂವರೆ ಮಿಲಿಸೆಕೆಂಡ್.

ಹಿರಿಯರು: ಈಗ ನಿನ್ನ ಕನ್ವರ್ಟರ್ ಎಷ್ಟು ಹೊತ್ತು ತಗೊಳ್ಳುತ್ತೆ, ಹೇಳು.

ಯುವತಿ: ಎಫ್‌ಟಿಡಿಐ ಚಿಪ್ ಆದರೆ, ಬಂದ ಅಕ್ಷರಗಳನ್ನ ಒಂದು ಕಟ್ಟು ಆಗೋವರೆಗೆ ಒಳಗೇ ಇಟ್ಟುಕೊಳ್ಳುತ್ತೆ. ಕಟ್ಟು ತುಂಬದೇ ಇದ್ದರೆ ಲೇಟೆನ್ಸಿ ಟೈಮರ್ ಮುಗಿದ ಮೇಲೆ ಇದ್ದಷ್ಟನ್ನ ಕಳಿಸುತ್ತೆ. ಆ ಟೈಮರ್ ಮೊದಲಿಂದ ಇರೋದು 16 ಮಿಲಿಸೆಕೆಂಡಿಗೆ.

ಹಿರಿಯರು: ಡಿಸಿ3 ಒಂಟಿ ಅಕ್ಷರ. ಕಟ್ಟು ತುಂಬೋ ಮಾತೇ ಇಲ್ಲ. ಅದು 16 ಮಿಲಿಸೆಕೆಂಡ್ ಒಳಗೇ ಕೂತಿದ್ದರೆ ಅಷ್ಟರಲ್ಲಿ ನಿನ್ನ ಪಿಸಿ 14 ಅಕ್ಷರ ಹೊರಗೆ ಬಿಟ್ಟಿರುತ್ತೆ. 087 ಬರೋಕೆ ಇನ್ನೇನು ಬೇಕು? ಇದರಲ್ಲಿ ಎಮ್ಯುಲೇಟರಿನ ತಡವನ್ನ ನಾನಿನ್ನೂ ಎಣಿಸಿಯೇ ಇಲ್ಲ.

ಯುವತಿ: ಟೈಮರನ್ನ 1 ಮಿಲಿಸೆಕೆಂಡಿಗೆ ಇಳಿಸಬಹುದು ಸರ್. ಡ್ರೈವರಿನ ಅಡ್ವಾನ್ಸ್ಡ್ ಪುಟದಲ್ಲೇ ಇದೆ. ಇನ್ನೊಂದು ಮಾತು: ಇದು ಯುಎಸ್‌ಬಿಯ ದೋಷ, ಎಮ್ಯುಲೇಟರಿನದಲ್ಲ. ಎಷ್ಟೋ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಇವತ್ತಿಗೂ ಕಾಮ್ ಪೋರ್ಟಿನ ಪಿನ್ನುಗಳು ಇವೆ. ಅದಕ್ಕೊಂದು ಬ್ರ್ಯಾಕೆಟ್ ಹಾಕಿದರೆ ಕನ್ವರ್ಟರೇ ಬೇಡ.

ಹಿರಿಯರು: ಆಗ ಎಮ್ಯುಲೇಟರಿನ ತಡದ ಲೆಕ್ಕಕ್ಕೆ ಬರೋಣ.

ಯುವತಿ: ಮುಚ್ಚಿಡೋದು ಏನಿಲ್ಲ. ಡಾಸ್‌ಬಾಕ್ಸ್ ಸಮಯವನ್ನ 1 ಮಿಲಿಸೆಕೆಂಡಿನ ತುಂಡುಗಳಾಗಿ ಓಡಿಸುತ್ತೆ. ಬಾಡ್ ರೇಟಿನ ಲೆಕ್ಕಕ್ಕೆ ತಕ್ಕ ಹಾಗೇ ಬೈಟ್‌ಗಳನ್ನ ಹೊರಗೆ ಬಿಡುತ್ತೆ. ಆದರೆ ಹೊರಗಿನ ವಿಂಡೋಸ್ ಬೇರೆ ಕೆಲಸಕ್ಕೆ ತಿರುಗಿ ಕೆಲವು ಮಿಲಿಸೆಕೆಂಡ್ ಕೊಡದೇ ಇದ್ದರೆ, ಹಿಂದೆ ಬಿದ್ದ ತುಂಡುಗಳನ್ನ ಆಮೇಲೆ ಒಟ್ಟಿಗೆ ಓಡಿಸಿ ಸರಿದೂಗಿಸಿಕೊಳ್ಳುತ್ತೆ.

ಹಿರಿಯರು: ಅಂದರೆ ಸರಾಸರಿ ಸರಿ ಇರುತ್ತೆ, ಆ ಕ್ಷಣ ಸರಿ ಇರಲ್ಲ. ನನ್ನ ಮೆಷಿನ್ ಸರಾಸರಿ ನೋಡಿ ಕತ್ತರಿಸಲ್ಲಮ್ಮ. ಅಕ್ಷರ ಬರೋದು ತಡ ಆದರೆ ಟೂಲ್ ತಿರುಗ್ತಾ ಅಲ್ಲೇ ನಿಲ್ಲುತ್ತೆ. ನಿಂತ ಜಾಗದಲ್ಲಿ ಅಚ್ಚಿನ ಮೇಲೆ ಒಂದು ಗುರುತು ಬೀಳುತ್ತೆ, ಉಗುರಿನಿಂದ ಸವರಿದರೆ ಸಿಗುವಷ್ಟು. ಪಾಲಿಶ್ ಮಾಡೋರು ಆ ಗುರುತಿನ ಹಿಂದೆ ಅರ್ಧ ದಿನ ಕಳೀತಾರೆ.

ಹಿರಿಯರ ಈ ಮಾತು ಎಮ್ಯುಲೇಷನ್‌ನ ಮೂಲ ಮಿತಿಯನ್ನೇ ಮುಟ್ಟುತ್ತದೆ. ಎಮ್ಯುಲೇಟರ್ ಚಿಪ್ಪಿನ ರಿಜಿಸ್ಟರುಗಳನ್ನು ಅನುಕರಿಸುತ್ತದೆ, ಆದರೆ ಆ ಚಿಪ್ಪಿಗಿದ್ದ ಹೊತ್ತಿನ ಶಿಸ್ತನ್ನು ಪೂರ್ತಿ ಅನುಕರಿಸುವುದು ಅದರ ಕೈಯಲ್ಲಿಲ್ಲ. ಅದು ಹೊರಗಿನ ಕಾರ್ಯಾಚರಣ ವ್ಯವಸ್ಥೆ ಕೊಟ್ಟಷ್ಟು ಹೊತ್ತಿನಲ್ಲಿ ಬದುಕಬೇಕು. ಹಾಗೆಂದು ಹಳೆಯ ಪಿಸಿಯಲ್ಲಿ ಎಲ್ಲವೂ ಸರಿಯಿತ್ತು ಎಂದಲ್ಲ. 8250 ಚಿಪ್ಪಿನಲ್ಲಿ ಬಂದ ಅಕ್ಷರಕ್ಕೆ ಒಂದೇ ಒಂದು ಸ್ಥಳ. ಮುಂದಿನದು ಬರುವಷ್ಟರಲ್ಲಿ ತಂತ್ರಾಂಶ ಅದನ್ನು ಎತ್ತಿಕೊಳ್ಳದಿದ್ದರೆ ಕಳೆದುಹೋಯಿತು. ಆಮೇಲೆ ಬಂದ 16550ಎ ಚಿಪ್ 16 ಅಕ್ಷರಗಳ ಸಾಲನ್ನು ಒಳಗಿಟ್ಟುಕೊಂಡು ಈ ಕಷ್ಟವನ್ನು ನೀಗಿತು. ಕಳಿಸುವ ಕಡೆಗೂ ಅಷ್ಟೇ ಉದ್ದದ ಸಾಲು ಇತ್ತು. ಅದನ್ನು ಪೂರ್ತಿ ತುಂಬುವ ತಂತ್ರಾಂಶವಾದರೆ, ಡಿಸಿ3 ಕಂಡ ಮೇಲೂ 16 ಅಕ್ಷರ ಹೊರಗೆ ಹರಿಯಬಹುದು. ಬರುವ ಕಡೆ ಉಪಕಾರ ಮಾಡಿದ ಸುಧಾರಣೆ ಹೋಗುವ ಕಡೆ 10ರ ಗಡಿಯನ್ನು ದಾಟಿಸಬಲ್ಲುದು. ಹೊತ್ತಿನ ತಾಪತ್ರಯ ಎಮ್ಯುಲೇಟರಿಗಿಂತ ಹಳೆಯದು.

ಯುವತಿ: ಸರ್, ಡ್ರಿಪ್ ಫೀಡ್ ಒಂದನ್ನೇ ಮುಂದಿಟ್ಟುಕೊಂಡು ಎಲ್ಲವನ್ನೂ ತಳ್ಳಿಹಾಕಬೇಡಿ. ಎಷ್ಟು ಬೈಟ್ ಬಂತು, ಸರಿಯಾಗಿ ಬಂತಾ ಅಂತ ಎರಡೂ ಕಡೆ ಕೇಳಿಕೊಂಡು ಮುಂದುವರಿಯೋ ಪ್ರೊಟೊಕಾಲ್‌ಗಳಿವೆ. 1977ರ ಎಕ್ಸ್‌ಮೋಡೆಮ್ 128 ಬೈಟ್‌ಗಳ ಕಟ್ಟು ಕಳಿಸಿ ಉತ್ತರಕ್ಕೆ ಕಾಯುತ್ತೆ. 9600 ಬಾಡ್‌ನಲ್ಲಿ ಒಂದು ಕಟ್ಟಿಗೆ ಸುಮಾರು 138 ಮಿಲಿಸೆಕೆಂಡ್. ಅದಕ್ಕೆ 16 ಸೇರಿದರೆ ನಿಧಾನ ಆಗುತ್ತೆ ಅಷ್ಟೇ, ಫೈಲ್ ಕೆಡಲ್ಲ. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್ ಇನ್ನೂ ಗಟ್ಟಿ. ನಿಯಂತ್ರಣದ ಅಕ್ಷರಗಳನ್ನೂ ಮುದ್ರಿಸಬಹುದಾದ ಅಕ್ಷರಗಳಾಗಿ ಬದಲಿಸಿ, ಪ್ರತಿ ಕಟ್ಟಿಗೂ ನಂಬರ್, ಚೆಕ್‌ಸಮ್ ಹಾಕಿ ಕಳಿಸುತ್ತೆ. ಇಂಥವನ್ನ ಡಾಸ್‌ಬಾಕ್ಸ್‌ನಲ್ಲಿ ಧೈರ್ಯವಾಗಿ ಓಡಿಸಬಹುದು.

ಹಿರಿಯರು: ಅದು ಎರಡೂ ಕಡೆ ಕಂಪ್ಯೂಟರ್ ಇದ್ದರೆ. ನನ್ನ ಮೆಷಿನ್ನಿಗೆ ಕರ್ಮಿಟ್ ಗೊತ್ತಿಲ್ಲ. ಮೊದಲು ಒಂದು ಪರ್ಸೆಂಟ್ ಗುರುತು, ಕೊನೆಗೆ ಒಂದು ಪರ್ಸೆಂಟ್ ಗುರುತು, ನಡುವೆ ಇರೋ ಕಾವಲು ಪ್ಯಾರಿಟಿ ಒಂದೇ. ಒಂದು ಅಕ್ಷರ ಪೂರ್ತಿ ಕಳೆದುಹೋದರೆ ಪ್ಯಾರಿಟಿ ಏನೂ ಹೇಳಲ್ಲ. ಎಕ್ಸ್ 105.2 ಅಂತ ಇದ್ದದ್ದು ಎಕ್ಸ್ 15.2 ಆದರೂ ಮೆಷಿನ್ ಅದನ್ನೇ ನಂಬಿ ಓಡುತ್ತೆ.

ಯುವತಿ: ಮೆಮರಿಗೆ ಹಾಕಿದ ಪ್ರೋಗ್ರಾಂ ಆದರೆ ಓಡಿಸೋ ಮುಂಚೆ ವಾಪಸ್ ತೆಗೆದು ಮೂಲದ ಜೊತೆ ಹೋಲಿಸಬಹುದಲ್ಲ?

ಹಿರಿಯರು: ಮೆಮರಿಗೆ ಹಿಡಿಸೋದನ್ನ ಹೋಲಿಸಬಹುದು, ಒಪ್ಪಿದೆ. ಬೆಳಗ್ಗೆ ಒಂದು ಸಲ ಸಣ್ಣ ಪ್ರೋಗ್ರಾಂ ಹಾಕೋದು, ಪ್ಯಾರಾಮೀಟರ್ ತೆಗೆಯೋದು, ಇಷ್ಟಕ್ಕೆ ನಿನ್ನ ಡಾಸ್‌ಬಾಕ್ಸ್ ಸಾಕು. ಡ್ರಿಪ್ ಫೀಡ್‌ನಲ್ಲಿ ಹೋಲಿಸೋಕೆ ಏನೂ ಉಳಿಯಲ್ಲ, ಬಂದದ್ದು ಬಂದ ಹಾಗೇ ಕತ್ತರಿಸಿ ಹೋಗಿರುತ್ತೆ.

ಮಾತು ಇಲ್ಲಿ ತಂತ್ರಾಂಶದ ವೇಗದ ಕಡೆಗೆ ಹೊರಳಿತು. ಡಾಸ್ ಕಾಲದ ಹಲವು ಪ್ರೋಗ್ರಾಮುಗಳು ಕಾಯುವ ಹೊತ್ತನ್ನು ಗಡಿಯಾರ ನೋಡಿ ಅಳೆಯುತ್ತಿರಲಿಲ್ಲ, ಖಾಲಿ ಸುತ್ತುಗಳನ್ನು ಎಣಿಸಿ ಅಳೆಯುತ್ತಿದ್ದವು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ವೇಗದ ಪ್ರೊಸೆಸರ್ ಮೇಲೆ ತೆರೆಯುತ್ತಿದ್ದ ಹಾಗೆಯೇ ರನ್‌ಟೈಮ್ ಎರರ್ 200 ಎಂದು ನಿಲ್ಲುವುದಕ್ಕೆ ಕಾರಣ ಇದೇ: ಸುತ್ತುಗಳ ಎಣಿಕೆ ತನಗೆ ಮೀಸಲಾದ ಸ್ಥಳದಲ್ಲಿ ಹಿಡಿಸುವುದಿಲ್ಲ. ಡಾಸ್‌ಬಾಕ್ಸ್‌ನಲ್ಲಿ ‘ಸೈಕಲ್ಸ್’ ಎಂಬ ಬೆಲೆಯನ್ನು ಇಳಿಸಿ ಇದನ್ನು ನಿಭಾಯಿಸಬಹುದು. ತೀರಾ ಇಳಿಸಿದರೆ ಇಂಟರಪ್ಟಿಗೆ ಓಗೊಡುವಷ್ಟು ಚುರುಕು ತಂತ್ರಾಂಶಕ್ಕೆ ಉಳಿಯದು. ಬರುವ ಅಕ್ಷರಗಳು ಕಳೆದುಹೋಗುತ್ತಿದ್ದರೆ ‘ಆರ್‌ಎಕ್ಸ್‌ಡಿಲೇ’ ಎಂಬ ಇನ್ನೊಂದು ಬೆಲೆಯನ್ನು ಏರಿಸಿ ನೋಡಬೇಕಾಗುತ್ತದೆ. ಈ ಹೊಂದಾಣಿಕೆಗೆ ಸಿದ್ಧ ಸೂತ್ರವಿಲ್ಲ.

ಹಿರಿಯರು: ನಿನ್ನ ಜಾಗದಲ್ಲಿ ನಾನಿದ್ದರೆ ಎಮ್ಯುಲೇಟರೇ ಬೇಡ ಅಂತಿದ್ದೆ. ಹೊಸ ಪಿಸಿಗೆ ಡಾಸ್‌ನಂಥದೇ ಆದ ಫ್ರೀಡಾಸ್ ಹಾಕು, ಒಂದು ಸೀರಿಯಲ್ ಕಾರ್ಡ್ ಚುಚ್ಚು. ತಂತ್ರಾಂಶಕ್ಕೂ ತಂತಿಗೂ ನಡುವೆ ಯಾರೂ ಇರಲ್ಲ.

ಯುವತಿ: ಚೆನ್ನಾಗಿರುತ್ತೆ, ಕಾರ್ಡ್ 3ಎಫ್8ರಲ್ಲಿ ಕೂತರೆ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳು ಸಾಮಾನ್ಯವಾಗಿ ಬಯಾಸ್ ಕೊಟ್ಟ ಬೇರೆ ಯಾವುದೋ ವಿಳಾಸದಲ್ಲಿ ಕೂರುತ್ತವೆ. ನಿಮ್ಮ ತಂತ್ರಾಂಶಕ್ಕೆ ವಿಳಾಸ ಬದಲಾಯಿಸೋ ಸೌಲಭ್ಯ ಇಲ್ಲದಿದ್ದರೆ ಅದು ಖಾಲಿ ಮನೆಯ ಬಾಗಿಲು ತಟ್ಟುತ್ತಾ ಕೂರುತ್ತೆ. ಎಮ್ಯುಲೇಟರಿನ ದೊಡ್ಡ ಉಪಕಾರ ಇದೇ ಸರ್: ಹೊರಗೆ ಯಾವ ಪೋರ್ಟ್ ಇದ್ದರೂ ಒಳಗೆ 3ಎಫ್8, ಇಂಟರಪ್ಟ್ 4.

ಹಿರಿಯರು: ಪ್ರಿಂಟರ್ ಪೋರ್ಟಿಗೆ ಚುಚ್ಚೋ ಡಾಂಗಲ್ ಕೇಳೋ ತಂತ್ರಾಂಶ ಆದರೆ?

ಯುವತಿ: ಅಲ್ಲಿ ಮೂಲ ಡಾಸ್‌ಬಾಕ್ಸ್ ಕೈ ಚೆಲ್ಲುತ್ತೆ. ಅಂಥದ್ದಕ್ಕೆ ಹಳೆ ಪಿಸಿಯೇ ಗತಿ, ಇಲ್ಲವೇ ಹೊಸದಾಗಿ ಬರೆಯಬೇಕು. ನಿಜ ಹೇಳಬೇಕಂದರೆ ಹೊಸದಾಗಿ ಬರೆಯೋದೇ ಕೊನೆಯ ದಾರಿ ಅನ್ನಿಸುತ್ತೆ. ಫೈಲ್ ತೆರೆಯೋದು, ಕಳಿಸೋದು, ಡಿಸಿ3 ಬಂದರೆ ನಿಲ್ಲೋದು. ಪೈಥಾನ್‌ನಲ್ಲಿ ದೊಡ್ಡ ಕೆಲಸ ಏನಲ್ಲ. ಎಫ್‌ಟಿಡಿಐ ಚಿಪ್ಪಿಗೇ ಡಿಸಿ3 ಕಂಡರೆ ನಿಲ್ಲು ಅಂತ ಹೇಳಿಡಬಹುದು. ಆಗ 16 ಮಿಲಿಸೆಕೆಂಡಿನ ಮಾತೇ ಏಳಲ್ಲ. ಡಾಸ್‌ಬಾಕ್ಸ್ ಪೋರ್ಟ್ ತೆರೆಯೋವಾಗ ಆ ಸೌಲಭ್ಯ ಕೇಳಿಕೊಳ್ಳಲ್ಲ, ಅದೇ ಬೇಜಾರು.

ಹಿರಿಯರು: ಹಳೆ ತಂತ್ರಾಂಶ ಇನ್ನೂ ಏನೇನು ಮಾಡುತ್ತೆ ಅಂತ ನಿನಗೆ ಗೊತ್ತಾ? ಮೆಷಿನ್ ಕಳಿಸೋವಾಗ ಪ್ರತಿ ಸಾಲಿನ ಕೊನೆಗೆ ಒಂದು ಎಲ್‌ಎಫ್, ಎರಡು ಸಿಆರ್ ಬರುತ್ತೆ. ಅದನ್ನ ತಂತ್ರಾಂಶ ಸರಿ ಮಾಡಿಕೊಂಡು ಫೈಲಿಗೆ ಬರೆಯುತ್ತೆ, ವಾಪಸ್ ಕಳಿಸೋವಾಗ ಮತ್ತೆ ಬದಲಾಯಿಸುತ್ತೆ. ಶುರುವಿಗೆ ಒಂದಷ್ಟು ಖಾಲಿ ಅಕ್ಷರ ಹಾಕುತ್ತೆ. ಇದನ್ನ ಬರೆದವರು ಯಾರೋ, ಈಗ ಎಲ್ಲಿದ್ದಾರೋ. ಸೋರ್ಸ್ ಕೋಡ್ ಇಲ್ಲ. ಎಲ್ಲ ಗೊತ್ತಿರೋದು ಆ ಇಎಕ್ಸ್‌ಇ ಫೈಲಿಗೆ ಮಾತ್ರ.

ಯುವತಿ: ಅದಕ್ಕೇ ಎಮ್ಯುಲೇಟರ್ ಬೇಕು ಅನ್ನೋದು. ಕ್ಯುಎಮು ಅನ್ನೋ ಇನ್ನೊಂದು ಎಮ್ಯುಲೇಟರಿನ ಒಳಗೆ ಓಡಿಸಿದರೆ ಸೀರಿಯಲ್ ಪೋರ್ಟಿನಿಂದ ಹೊರಬಿದ್ದ ಬೈಟ್‌ಗಳನ್ನ ಒಂದು ಲಾಗ್ ಫೈಲಿಗೆ ಬರೆಸಿಟ್ಟುಕೊಳ್ಳಬಹುದು. ಆ ಇಎಕ್ಸ್‌ಇ ಏನೇನು ಕಳಿಸುತ್ತೆ ಅಂತ ನೋಡಿಯೇ ಕಲಿಯಬಹುದು. ಎಷ್ಟು ಖಾಲಿ ಅಕ್ಷರ, ಸಾಲಿನ ಕೊನೆಗೆ ಏನು, ಎಲ್ಲ ಕಣ್ಣೆದುರಿಗೇ. ಹಳೆ ಪಿಸಿ ಇದನ್ನ ಎಂದೂ ಹೇಳಿಕೊಡಲಿಲ್ಲ.

ಹಿರಿಯರು: ಕಲಿಯೋಕೆ ಎಮ್ಯುಲೇಟರ್ ಇಟ್ಟುಕೋ, ನನ್ನ ಅಡ್ಡಿ ಇಲ್ಲ. ಲೋಹ ಕತ್ತರಿಸೋಕೆ ನಾನಿನ್ನೂ ಒಪ್ಪಿಲ್ಲ.

ಯುವತಿ: ಕತ್ತರಿಸಬಹುದಾ ಅಂತ ಬೆಲೆ ಕಡಿಮೆ ಇರೋ ಫೋಮ್ ಮೇಲೆ ಇಡೀ ಪ್ರೋಗ್ರಾಂ ಓಡಿಸಿ ನೋಡೋಣ. ಟೂಲ್ ಎಲ್ಲಾದರೂ ನಿಂತರೆ ನಿಮ್ಮ ಮಾತು. ನಿಲ್ಲದಿದ್ದರೆ ಇನ್ನೊಂದು ಪಾಳಿ ಓಡಿಸಿ ನೋಡೋಣ.

ಹಿರಿಯರು: ಫೋಮ್ ಮೇಲೆ ಓಡಿಸು, ಬೇಡ ಅನ್ನಲ್ಲ. ಆದರೆ ಆ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಬಂದಿರಲಿಲ್ಲ, ಪೋರ್ಟ್ ನಿದ್ದೆಗೆ ಹೋಗಿರಲಿಲ್ಲ ಅನ್ನೋದಷ್ಟೇ ಅದರಿಂದ ಸಾಬೀತಾಗೋದು. ನೆಟ್‌ವರ್ಕ್ ಕಿತ್ತು, ಪವರ್ ಸೇವಿಂಗ್ ಎಲ್ಲ ಬಂದ್ ಮಾಡಿ, ಆ ಕಂಪ್ಯೂಟರಿನಲ್ಲಿ ಬೇರೆ ಕೆಲಸ ಯಾರೂ ಮಾಡಬಾರದು ಅಂತ ಬೋರ್ಡ್ ಹಾಕಿದರೆ ಆಗ ಮಾತಾಡೋಣ.

ಯುವತಿ: ಹಾಗೆ ಮಾಡಿದರೆ ಅದೂ ನಿಮ್ಮ ಹಳೆ ಪಿಸಿಯ ಹಾಗೇ ಒಂದೇ ಕೆಲಸದ ಪೆಟ್ಟಿಗೆ ಆಯ್ತಲ್ಲ ಸರ್.

ಹಿರಿಯರು: ಸೀರಿಯಲ್ ಪೋರ್ಟಿಗೆ ಬೇಕಾದ್ದು ಅಂಥ ಪೆಟ್ಟಿಗೆಯೇ ಕಣಮ್ಮ.

ಮುಖ್ಯ ಪ್ರಶ್ನೆಯಲ್ಲಿ ಇಬ್ಬರೂ ಇದಕ್ಕಿಂತ ಹತ್ತಿರ ಬರಲಿಲ್ಲ. ಉತ್ತರ ಕೇಳಿ ಮುಂದುವರಿಯುವ ಪ್ರೊಟೊಕಾಲ್ ಇದ್ದಲ್ಲಿ, ವಾಪಸ್ ತೆಗೆದು ಹೋಲಿಸಬಹುದಾದಲ್ಲಿ ಎಮ್ಯುಲೇಟರ್ ನಂಬಿಕೆಗೆ ಅರ್ಹ ಎನ್ನುವುದನ್ನು ಹಿರಿಯರು ಒಪ್ಪಿದರು. 10 ಅಕ್ಷರಗಳ ಗಡಿ ಇರುವಲ್ಲಿ ಯುಎಸ್‌ಬಿ ಕನ್ವರ್ಟರನ್ನು ಹಾಗೆಯೇ ಚುಚ್ಚಿ ಡ್ರಿಪ್ ಫೀಡ್ ಶುರು ಮಾಡುವುದು ದುಡುಕು ಎನ್ನುವುದನ್ನು ಯುವತಿ ಒಪ್ಪಿದಳು. ಮದರ್‌ಬೋರ್ಡಿನದೇ ಕಾಮ್ ಪೋರ್ಟ್ ಇರುವ, ಬೇರಾವ ಕೆಲಸವನ್ನೂ ಹೊರದ ಕಂಪ್ಯೂಟರಿನಲ್ಲಿ ಡಾಸ್‌ಬಾಕ್ಸ್ ಡ್ರಿಪ್ ಫೀಡ್ ಮಾಡಬಲ್ಲುದೇ ಎನ್ನುವುದು ಆಯಾ ಮೆಷಿನ್ನಿನ ಮೇಲೆ ಓಡಿಸಿ ನೋಡಿಯೇ ತಿಳಿಯಬೇಕಾದ್ದು.

ಒಂದು ಕೆಲಸವನ್ನು ಮಾತ್ರ ಇಬ್ಬರೂ ಅಂದೇ ಮಾಡಬೇಕೆಂದರು. ಹಳೆಯ ಸಿಎನ್‌ಸಿಗಳ ಪ್ಯಾರಾಮೀಟರುಗಳು ಬ್ಯಾಟರಿಯ ಆಸರೆಯಲ್ಲಿರುವ ಮೆಮರಿಯಲ್ಲಿರುತ್ತವೆ. ಬ್ಯಾಟರಿ ಸತ್ತರೆ ಅವು ಅಳಿಸಿಹೋಗುತ್ತವೆ, ಆಮೇಲೆ ಕಾಗದದ ಪಟ್ಟಿ ಸಿಕ್ಕಿದರೆ ಒಂದೊಂದನ್ನೇ ಕೈಯಿಂದ ಒತ್ತಿ ತುಂಬಬೇಕು. ಇಂಥ ಮೆಷಿನ್ ಮತ್ತು ಡಾಸ್ ಪಿಸಿ ಇಟ್ಟುಕೊಂಡಿರುವವರು ಆ ಪಿಸಿ ಇನ್ನೂ ಓಡುತ್ತಿರುವಾಗಲೇ ಪ್ಯಾರಾಮೀಟರುಗಳನ್ನೂ ಪ್ರೋಗ್ರಾಮುಗಳನ್ನೂ ಎರಡು ಸಲ ಹೊರಗೆ ತೆಗೆದು, ಎರಡೂ ಫೈಲುಗಳು ಬೈಟಿಗೆ ಬೈಟ್ ಒಂದೇ ಇವೆಯೇ ಎಂದು ಹೋಲಿಸಿ, ಹಾರ್ಡ್ ಡಿಸ್ಕಿನ ಪೂರ್ತಿ ಇಮೇಜ್ ಒಂದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಎಮ್ಯುಲೇಟರ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು.